ಸದ್ದು ಎಷ್ಟು ಸೊರಗಿತು

ಹೊಸಪೇಟೆ

ಸಿಂಗಪುರಕ್ಕೆ ಹೋಗಿ ಬಂದವರು ಹಕ್ಕಿಗಳ ತೋಟ, ಬಾಯಿಂದ ನೀರು ಉಗುಳುವ ಸಿಂಹದ ವಿಗ್ರಹ, ಕತ್ತು ನೋಯುವಷ್ಟು ಎತ್ತರದ ಕಟ್ಟಡಗಳ ವಿಷಯ ಹೇಳುತ್ತಾರೆ. ನಾನು ಸಿಂಹವನ್ನು ನೋಡಲಿಲ್ಲ. ನೋಡಿದ್ದು ನನ್ನ ಲಿವರನ್ನು. ಅದನ್ನೂ ಟೀವಿಯಲ್ಲಿ, ಕಪ್ಪು ಬಿಳುಪಿನಲ್ಲಿ. ಹಕ್ಕಿಗಳ ಆಸೆಯಿಂದ ಓದಲು ಕೂತವರು ಈಗಲೇ ಎದ್ದು ಒಲೆಯ ಮೇಲಿನ ಹಾಲು ನೋಡಿಕೊಳ್ಳಬಹುದು.

ಹೋಗಲು ಕಾರಣ ನನ್ನ ನಾದಿನಿ ಶಾಂತಾ, ನಮ್ಮ ಮನೆಯವರ ಒಬ್ಬಳೇ ತಂಗಿ. ಕಂಪ್ಲಿಯ ಅಕ್ಕಿ ಗಿರಣಿಯವರ ಮನೆಗೆ ಕೊಟ್ಟಿದೆ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವಳು ಲಂಗ ತೊಡುವ ಹುಡುಗಿ. ಅಂದಿನಿಂದ ನನಗೆ ‘ನೀ’ ಅನ್ನುತ್ತಾಳೆ. ಬಹುವಚನ ಬರುವುದು ಸಿಟ್ಟು ಬಂದಾಗ, ಇಲ್ಲವೇ ಏನನ್ನಾದರೂ ಮುಚ್ಚಿಡುವಾಗ ಮಾತ್ರ.

ಎಂದೋ ಬಂದ ಕಾಮಾಲೆ ಒಳಗೇ ಕೂತು ಅವಳ ಲಿವರನ್ನು ತಿಂದುಬಿಟ್ಟಿತ್ತು. ಕಣ್ಣು ಅರಿಸಿನವಾಗಿ, ಹೊಟ್ಟೆ ಉಬ್ಬಿ, ತೋಳು ಕಡ್ಡಿಯಾಗಿತ್ತು. ಲಿವರ್ ಕೆಟ್ಟಿದೆ ಎಂದ ಕೂಡಲೇ ನಮ್ಮ ಜನಕ್ಕೆ ಹೊಳೆಯುವ ಕಾರಣ ಒಂದೇ. ನೋಡಲು ಬಂದ ಒಬ್ಬ ಹೆಂಗಸು ಮಾತಾಡಿಸುವ ನೆಪದಲ್ಲಿ ಬಾಗಿ ಅವಳ ಬಾಯಿ ಮೂಸಿದಳು. ಶಾಂತಾ ಗಟ್ಟಿ ಚಹಾ ಕೂಡ ಕುಡಿದವಳಲ್ಲ.

ಬದುಕಿರುವವರು ಯಾರಾದರೂ ತಮ್ಮ ಲಿವರಿನಲ್ಲಿ ಒಂದು ಪಾಲು ಕೊಟ್ಟರೆ ಉಳಿಯುತ್ತಾಳೆ, ಇಲ್ಲದಿದ್ದರೆ ಹೆಚ್ಚು ದಿನ ಇಲ್ಲ ಎಂದು ಬೆಂಗಳೂರಿನ ಡಾಕ್ಟರು ಹೇಳಿದರು. ಕೊಟ್ಟವರಿಗೆ ಅದು ಮತ್ತೆ ಬೆಳೆಯುತ್ತದಂತೆ. ಕೈಗೆ, ಕಾಲಿಗೆ, ಹಲ್ಲಿಗೆ ಇಲ್ಲದ ಭಾಗ್ಯವನ್ನು ಶಿವ ಅದೊಂದಕ್ಕೆ ಕೊಟ್ಟಿದ್ದಾನೆ. ಶಾಂತಾಳ ಗಂಡನಿಗೆ ಸಕ್ಕರೆ ಕಾಯಿಲೆ. ಅವಳ ಅಣ್ಣನ, ಅಂದರೆ ನಮ್ಮ ಮನೆಯವರ, ರಕ್ತದ ಗುಂಪು ಬೇರೆ. ಮಗಳು ಇನ್ನೂ ಶಾಲೆಗೆ ಹೋಗುವವಳು. ಕೊನೆಗೆ ರಕ್ತ ಹೊಂದಿದ್ದು ರಕ್ತಸಂಬಂಧವೇ ಇಲ್ಲದ ನನ್ನದು.

ಹೊಸಪೇಟೆಯ ಸ್ಕ್ಯಾನಿಂಗ್ ಕೇಂದ್ರದ ಡಾಕ್ಟರು ನನ್ನ ಹೊಟ್ಟೆಯ ಮೇಲೆ ಯಂತ್ರ ಓಡಿಸಿ ಮುಖ ಸಣ್ಣ ಮಾಡಿದರು. “ಅಮ್ಮಾರ, ನಿಮ್ಮ ಲಿವರ್ ಭಾಳ ಬೆಳ್ಳಗ ಕಾಣ್ತೈತ್ರಿ.”

ಹುಟ್ಟಿದಾಗಿನಿಂದ ನನ್ನಲ್ಲಿ ಏನಾದರೂ ಬೆಳ್ಳಗಿದೆ ಎಂದು ಒಬ್ಬರು ಹೇಳಿದ್ದು ಅದೇ ಮೊದಲು. ಖುಷಿಪಡುವ ಮೊದಲೇ ಅವರು ಅರ್ಥ ಹೇಳಿದರು: ಬೆಳ್ಳಗೆ ಕಂಡರೆ ಕೊಬ್ಬು. ಕೊಬ್ಬು ತುಂಬಿದ ಲಿವರನ್ನು ಕೊಡಲು ಬರುವುದಿಲ್ಲ. ಎಷ್ಟು ಕೊಬ್ಬು ಎಂದು ಕೇಳಿದ್ದಕ್ಕೆ, “ಕಣ್ಣಳತಿ ಮ್ಯಾಲೆ ಅಷ್ಟು ಖಚಿತ ಹೇಳಾಕ ಬರಂಗಿಲ್ರಿ” ಎಂದರು. ಪ್ರಾಮಾಣಿಕ ಮನುಷ್ಯ.

ಅವು ಅದಿರಿನ ದಿನಗಳು. ಸಂಡೂರಿನ ಗುಡ್ಡ ಲಾರಿ ಹತ್ತಿ ಬಂದರಿಗೆ, ಅಲ್ಲಿಂದ ಹಡಗು ಹತ್ತಿ ಚೀನಾಕ್ಕೆ ಹೋಗುತ್ತಿತ್ತು. ನಮ್ಮ ಮನೆಯವರಿಗೂ ಲಾರಿಗಳಿದ್ದವು. ಗುಡ್ಡವೇ ವಿದೇಶಕ್ಕೆ ಹೊರಟ ಮೇಲೆ ಮನುಷ್ಯರು ಮನೆಯಲ್ಲಿ ಕೂರುತ್ತಾರೆಯೇ? ಹಲ್ಲುನೋವಿಗೂ ವಿಮಾನ ಹತ್ತುವವರು ನಮ್ಮ ಓಣಿಯಲ್ಲಿದ್ದರು. ಹೀಗೆ ಸಿಂಗಪುರದ ಒಂದು ದೊಡ್ಡ ಆಸ್ಪತ್ರೆ ಗೊತ್ತಾಯಿತು. ಶಾಂತಾಳ ಗಂಡ ಮಗಳನ್ನೂ ಗಿರಣಿಯನ್ನೂ ನೋಡಿಕೊಂಡು ಊರಲ್ಲೇ ಉಳಿದರು, ನಾವು ಮೂವರು ಹೊರಟೆವು.

ಹೊರಡುವ ಮುನ್ನ ಹಂಪಿಗೆ ಹೋಗಿ ವಿರೂಪಾಕ್ಷನಿಗೆ ಕಾಯಿ ಒಡೆಸಿದೆವು. ಗುಡಿಯ ಆನೆ ಶಾಂತಾಳ ತಲೆಯ ಮೇಲೆ ಸೊಂಡಿಲು ಇಟ್ಟು ಹರಸಿತು. ನನ್ನ ತಲೆಯ ಮೇಲೆ ಇಡಲಿಲ್ಲ. ಬಾಳೆಹಣ್ಣು ಮುಗಿದಿತ್ತು.

ವಿಮಾನ ನಿಲ್ದಾಣ

ಸಿಂಗಪುರದಲ್ಲಿ ಇಳಿದ ಮೇಲೆ ನನ್ನ ಚೀಲದಲ್ಲಿ ವಿಭೂತಿ ಗಟ್ಟಿ ಸಿಕ್ಕಿತು. ಸಿಕ್ಕಿತು ಎಂದರೆ, ನಾನೇ ಇಟ್ಟದ್ದು, ಅವರಿಗೆ ಸಿಕ್ಕಿತು. ಬಿಳಿಯ ಗಟ್ಟಿ, ಮುಟ್ಟಿದರೆ ಬಿಳಿಯ ಪುಡಿ. ಅಧಿಕಾರಿ ಕೈಗವಸು ಹಾಕಿಕೊಂಡ. ನಮ್ಮ ಮನೆಯವರು ಹಿಂದಿಯಲ್ಲಿ ವಿವರಿಸಿದರು. ಅವನಿಗೆ ಹಿಂದಿ ಬರುತ್ತಿರಲಿಲ್ಲ. ಶಾಂತಾ ಕುರ್ಚಿಯಲ್ಲಿ ಕೂತಲ್ಲಿಂದಲೇ ಹೇಳಿದಳು: “ಅತ್ತಿಗೀ, ಮಾತ್ಯಾಕ? ಹಚ್ಚಿ ತೋರಸು.”

ನಾನು ಮೂರು ಬೆರಳು ತೀಡಿ ಹಣೆಗೆ ಹಚ್ಚಿಕೊಂಡೆ. ಅವನು ಇನ್ನೂ ಗಾಬರಿಯಾದ. ಕೊನೆಗೆ ಒಳಗಿನಿಂದ ಒಬ್ಬ ತಮಿಳು ಅಧಿಕಾರಿ ಬಂದರು. ಗಟ್ಟಿಯನ್ನು ನೋಡಿದರು, ತಾವೂ ಒಂದು ಬೆರಳು ತೀಡಿ ಹಣೆಗಿಟ್ಟುಕೊಂಡರು, ಕೈಬೀಸಿ ಹೊರಗೆ ಕಳಿಸಿದರು. ಒಂದು ಮಾತಿಲ್ಲ. ಪರದೇಶದಲ್ಲಿ ಶಿವ ಸರ್ಕಾರಿ ನೌಕರಿಯಲ್ಲೂ ಇರುತ್ತಾನೆ.

ನಮ್ಮ ಮನೆಯವರು ಆಸ್ಪತ್ರೆಯ ಹತ್ತಿರ ಒಂದು ಕೋಣೆ ಗೊತ್ತುಮಾಡಿ ಕೊಟ್ಟು ಊರಿಗೆ ಮರಳಿದರು. ಮಳೆ ಹಿಡಿಯುವುದರೊಳಗೆ ಲಾರಿಗಳ ಕೆಲಸ ಮುಗಿಯಬೇಕು, ಆಪರೇಷನ್ ಗಟ್ಟಿಯಾದರೆ ತಕ್ಷಣ ಬರುತ್ತೇನೆ ಎಂದರು. ಹೋಗುವಾಗ ತಂಗಿಯ ಮುಖ ನೋಡಲಿಲ್ಲ, ಫ್ಯಾನು ನೋಡಿದರು. ಗಂಡಸರು ಹಾಗೆ.

ಮೊದಲೆರಡು ದಿನ ನಾನು ಸೀನಿದರೆ ಕರವಸ್ತ್ರ ಕೆಂಪಾಗುತ್ತಿತ್ತು. ಕೋಣೆ ಗುಡಿಸುವ ಹೆಂಗಸು ರಕ್ತವೆಂದು ಹೆದರಿದಳು. ಅದು ರಕ್ತವಲ್ಲ, ಹೊಸಪೇಟೆ. ಊರಿನ ಅದಿರಿನ ಧೂಳು. ಮೂರನೆಯ ದಿನ ಕರವಸ್ತ್ರ ಬಿಳಿಯಾಗಿಯೇ ಬಂತು. ಒಗೆದು ಹರವಿದ ಒಳಲಂಗ ಸಂಜೆಗೂ ಬೆಳ್ಳಗಿತ್ತು. ಬೇರೆ ಯಾರದೋ ಇರಬೇಕೆಂದು ಎರಡು ಸಲ ತಿರುಗಿಸಿ ನೋಡಿದೆ.

ಸದ್ದಿನ ಡಾಕ್ಟರಮ್ಮ

ಆಸ್ಪತ್ರೆಯಲ್ಲಿ ನನ್ನ ಲಿವರನ್ನು ಅಳೆಯುವ ಕೆಲಸ ಲಿನ್ ಎಂಬ ಡಾಕ್ಟರಮ್ಮನದು. ಚೀನೀ ಮುಖ, ಸಣ್ಣ ದನಿ, ನಗುವನ್ನು ತಡಮಾಡಿ ಕೊಡುವ ಹೆಂಗಸು. ಅವರ ಇಂಗ್ಲಿಷು ನನಗೆ ತಿಳಿಯದು. ಸೆಲ್ವಿ ಎಂಬ ನರ್ಸಿಗೆ ಇಂಗ್ಲಿಷ್ ಬರುತ್ತಿತ್ತು, ತಮಿಳು ಮನೆಮಾತು, ತೆಲುಗು ತಕ್ಕಮಟ್ಟಿಗೆ. ಶಾಂತಾಳಿಗೆ ಗಿರಣಿಗೆ ಬರುವ ಆಂಧ್ರದ ವ್ಯಾಪಾರಿಗಳಿಂದ ತೆಲುಗು ಬರುತ್ತಿತ್ತು. ಹೀಗೆ ಡಾಕ್ಟರಮ್ಮನ ಮಾತು ಇಂಗ್ಲಿಷಿನಲ್ಲಿ ಹೊರಟು, ಸೆಲ್ವಿಯಲ್ಲಿ ತೆಲುಗಾಗಿ, ಶಾಂತಾಳಲ್ಲಿ ಕನ್ನಡವಾಗಿ ನನಗೆ ತಲುಪಬೇಕು. ಜೀವ ಹೋಗುವುದು ಯಾರದೋ ಅವಳೇ ದುಭಾಷಿ.

ನಮ್ಮೂರಿನ ಸ್ಕ್ಯಾನಿನ ಚಿತ್ರ ನೋಡಿ ಡಾಕ್ಟರಮ್ಮ ಪಕ್ಕಕ್ಕಿಟ್ಟರು. ಬೆಳ್ಳಗೆ ಕಾಣುವುದನ್ನು ಅಷ್ಟು ನಂಬುವಂತಿಲ್ಲವಂತೆ. ಯಂತ್ರದ ಕಿವಿ ತಿರುವಿದರೆ ಯಾರ ಲಿವರಾದರೂ ಬೆಳ್ಳಗೆ ಕಾಣುತ್ತದೆ, ನಮ್ಮ ಟೀವಿಯಲ್ಲಿ ಧಾರಾವಾಹಿಯ ಅತ್ತೆಯರು ಕಂಡಂತೆ. ಅದಕ್ಕೆ ಅವರು ಅಳೆಯುವುದು ಬೇರೆ.

ಶಾಂತಾ ಅನುವಾದ ಮಾಡಿದಳು: “ಈ ಡಬ್ಬಿಯಿಂದ ಸದ್ದು ಬಿಡ್ತಾರಂತ. ನಮ್ಮ ಕಿವಿಗೆ ಕೇಳಂಗಿಲ್ಲ, ಅಷ್ಟು ಕೀರಲು ದನಿ. ಅದು ನಿನ್ನ ಹೊಟ್ಟಿಯೊಳಗ ಹೋಗಿ ತಿರುಗಿ ಬರ್ತೈತಿ. ಆಳಕ್ಕ ಹೋದಂಗ ಹೋದಂಗ ಅದು...” ಮಾತು ಸಿಗದೆ ನಿಂತಳು.

“ತಗ್ಗುತುಂದಿ,” ಎಂದಳು ಸೆಲ್ವಿ.

ಶಾಂತಾ ತನ್ನ ತೋಳನ್ನು ನೋಡಿಕೊಂಡಳು. “ಸೊರಗತೈತಿ,” ಎಂದಳು.

ಕೊಬ್ಬಿರುವ ಲಿವರಿನಲ್ಲಿ ಸದ್ದು ಬೇಗ ಸೊರಗುತ್ತದೆ, ಕೊಬ್ಬಿಲ್ಲದ್ದರಲ್ಲಿ ನಿಧಾನ. ಒಂದೊಂದು ಬೆರಳಿನ ಆಳಕ್ಕೆ ಎಷ್ಟು ಸೊರಗಿತು ಎಂದು ಅಳೆದರೆ ಕೊಬ್ಬಿನ ಅಂದಾಜು ಸಿಗುತ್ತದೆ. ಆದರೆ ಲಿವರಿಗೆ ಮುಟ್ಟುವ ಮೊದಲೇ ಹೊಟ್ಟೆಯ ಮೇಲಿನ ಕೊಬ್ಬೂ ಒಂದಿಷ್ಟು ಸದ್ದನ್ನು ತಿನ್ನುತ್ತದೆ. ಆ ಲೆಕ್ಕವನ್ನು ಇದರಿಂದ ಬೇರೆ ಮಾಡಬೇಕು.

“ನಿನ್ನ ಹೊಟ್ಟಿ ದಾಟೋದ್ರಾಗ ಸದ್ದಿಗೆ ಊಟ, ತಾಂಬೂಲ ಎಲ್ಲಾ ಮುಗದಿರ್ತೈತಿ,” ಎಂದಳು ಶಾಂತಾ. ಇದು ಡಾಕ್ಟರಮ್ಮ ಹೇಳಿದ್ದಲ್ಲ ಎಂದು ನನಗೆ ಗೊತ್ತಾಯಿತು.

ಡಾಕ್ಟರಮ್ಮ ಒಮ್ಮೆ ಕೀರಲು ದನಿಯಲ್ಲಿ ‘ಈ’ ಎಂದರು, ಒಮ್ಮೆ ದಪ್ಪ ದನಿಯಲ್ಲಿ ‘ಓ’ ಎಂದರು. ಕೀರಲು ಸದ್ದು ಮೊದಲು ಸೊರಗುತ್ತದೆ, ದಪ್ಪ ಸದ್ದು ದೂರ ಹೋಗುತ್ತದೆ, ಎರಡನ್ನೂ ಹೋಲಿಸಿ ಲೆಕ್ಕ ಹಾಕುತ್ತೇವೆ ಎಂದರು. ಇದು ನನಗೆ ದುಭಾಷಿ ಇಲ್ಲದೆಯೂ ತಿಳಿಯಿತು. ನನ್ನ ತವರು ಸಂಡೂರು. ಗಣಿಯಲ್ಲಿ ಮದ್ದು ಸಿಡಿಸುವ ಮೊದಲು ಎಚ್ಚರಿಕೆಗೆ ಸೈರನ್ ಊದುತ್ತಾರಂತೆ. ನಮ್ಮ ತವರುಮನೆಗೆ ಆ ಸೈರನ್ ಎಂದೂ ಮುಟ್ಟಿದ್ದಿಲ್ಲ. ಮುಟ್ಟುವುದು ‘ಧಡ್’ ಎನ್ನುವುದು ಮಾತ್ರ. ಅಡುಗೆಮನೆಯ ಡಬ್ಬಿಗಳೆಲ್ಲ ಒಮ್ಮೆ ನಡುಗಿ ಸುಮ್ಮನಾಗುತ್ತವೆ. ಎಚ್ಚರಿಕೆ ದಾರಿಯಲ್ಲೇ ಸೊರಗಿ, ಆಗಬೇಕಾದದ್ದು ಮಾತ್ರ ಬಂದು ತಲುಪುತ್ತದೆ.

ಆಮೇಲೆ ಒಂದು ನಕಲಿ ಲಿವರನ್ನು ತೋರಿಸಿದರು. ಬೂದು ಬಣ್ಣ, ಮುಟ್ಟಿದರೆ ಮೆತ್ತಗೆ ಅಲುಗುವ ಗಟ್ಟಿ, ಥೇಟ್ ನಮ್ಮ ಹಾಲುಬಾಯಿ. ಇದರಲ್ಲಿ ಸದ್ದು ಎಷ್ಟು ಸೊರಗುತ್ತದೆ ಎಂಬುದು ಮೊದಲೇ ಗೊತ್ತಿರುತ್ತದೆ, ಅದರ ಪಕ್ಕದಲ್ಲಿ ನನ್ನದನ್ನು ಇಟ್ಟು ನೋಡುವುದು, ತಕ್ಕಡಿಯಲ್ಲಿ ಕಲ್ಲು ಇಟ್ಟಂತೆ. ಯಾವುದರಿಂದ ಮಾಡಿದ್ದು ಎಂದು ಕೇಳಿಸಿದೆ. ಚೀನಾ ಗ್ರಾಸ್ ಕುದಿಸಿ, ಪೆನ್ಸಿಲಿನ ಕಡ್ಡಿಯ ಪುಡಿ ಕಲಸಿ, ಆರಿಸಿದ್ದಂತೆ. ಚೀನಾ ಗ್ರಾಸ್ ನನ್ನ ಅಡುಗೆಮನೆಯಲ್ಲೂ ಇದೆ. ಹಬ್ಬಕ್ಕೆ ಹಾಲು, ಸಕ್ಕರೆ ಹಾಕಿ ಮಾಡುತ್ತೇನೆ.

“ಮುಟ್ಟಿ ನೋಡಿದ್ದು ಸಾಕು, ಇಡು,” ಎಂದಳು ಶಾಂತಾ. “ಇನ್ನೊಂದು ಸ್ವಲ್ಪ ಬಿಟ್ಟರ ತಿನ್ನಾಕ ತಾಟು ಕೇಳ್ತೀ.”

ಮೊದಲ ಅಳತೆ

ಬರಿಹೊಟ್ಟೆಯಲ್ಲಿ ಬರಬೇಕೆಂದರು. ಅಂದು ಸೋಮವಾರ, ಹೇಗೂ ಉಪವಾಸ. ಒಂದೇ ಉಪವಾಸಕ್ಕೆ ಎರಡು ಪುಣ್ಯ.

ಮಂಚದ ಮೇಲೆ ಮಲಗಿಸಿ ಬಲಗೈಯನ್ನು ತಲೆಯ ಮೇಲಕ್ಕೆ ಇಡಿಸಿದರು. ಪಕ್ಕೆಲುಬಿನ ಸಂದುಗಳು ಹಿಗ್ಗಬೇಕಂತೆ. ನನ್ನ ಕೊರಳಿನ ಇಷ್ಟಲಿಂಗದ ಬೆಳ್ಳಿ ಕರಡಿಗೆ ಸರಿಯಾಗಿ ಅವರು ಅಳೆಯುವ ಜಾಗದ ಮೇಲೆ ಬಂದು ಕೂತಿತ್ತು. ಸೆಲ್ವಿ ಅದನ್ನು ಬಿಚ್ಚಿ ತಟ್ಟೆಯಲ್ಲಿಡಲು ಕೈ ಚಾಚಿದಳು. ನಾನು ಹಿಡಿದುಕೊಂಡೆ. ದೀಕ್ಷೆಯಾದ ದಿನದಿಂದ ಅದು ಮೈ ಬಿಟ್ಟದ್ದಿಲ್ಲ.

“ಅದು ಆಕಿ ಜೀವ ಇದ್ದಂಗ. ತಗಿಯಂಗಿಲ್ಲ,” ಎಂದು ಶಾಂತಾ ತೆಲುಗಿನಲ್ಲಿ ಹೇಳಿದಳು. ಆಮೇಲೆ ನನಗೆ ಕನ್ನಡದಲ್ಲಿ: “ನಂದು ನೋಡು, ಕಂಪ್ಲ್ಯಾಗ ಕಪಾಟಿನ್ಯಾಗ ಐತಿ. ಇಬ್ಬರಿಗೂ ತ್ರಾಸ ಇಲ್ಲ.”

ಶಾಂತಾಳ ಭಕ್ತಿ ಹಾಗೆ. ನನ್ನ ಪೂಜೆಯ ಹೊತ್ತಿಗೆ ಅವಳು ಗಡಿಯಾರ ನೋಡುವವಳು.

ಡಾಕ್ಟರಮ್ಮ ಯೋಚಿಸಿ, ಎಡಗೈಯಲ್ಲಿ ಹಿಡಿದುಕೊಳ್ಳಲಿ, ಪರವಾಗಿಲ್ಲ ಎಂದರು. ಅವರಿಗೆ ಗೊತ್ತಿರಲಿಲ್ಲ, ಪೂಜೆಯಲ್ಲಿ ಲಿಂಗವನ್ನು ಹಿಡಿಯುವುದೂ ಎಡಗೈಯಲ್ಲೇ.

ತಣ್ಣನೆಯ ಲೋಳೆ ಸುರಿದು, ಡಬ್ಬಿಯನ್ನು ಪಕ್ಕೆಗೆ ಒತ್ತಿದರು. ಸೆಲ್ವಿ “ಊಪಿರಿ, ಊಪಿರಿ!” ಎಂದಳು.

ಉಬ್ಬಿರಿ ಎಂದಳೆಂದು ನಾನು ಉಬ್ಬಿದೆ. ಡಾಕ್ಟರಮ್ಮನ ಕೈ ಮೇಲೆದ್ದಿತು. ಸೆಲ್ವಿ ಇನ್ನೂ ಜೋರಾಗಿ “ಊಪಿರಿ!” ಎಂದಳು. ಹೇಳಿದ ಮಾತು ಕೇಳುವುದು ನನ್ನ ಸ್ವಭಾವ. ಇನ್ನೂ ಉಬ್ಬಿದೆ. ಮುಖ ಬಿಸಿಯಾಯಿತು.

ಶಾಂತಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನೀರು ತುಂಬಿದ ಹೊಟ್ಟೆ, ನಕ್ಕರೆ ನೋಯುತ್ತದೆ, ಆದರೂ ನಗುತ್ತಿದ್ದಳು. “ಅತ್ತಿಗೀ, ಊಪಿರಿ ಅಂದ್ರ ತೆಲುಗಿನ್ಯಾಗ ಉಸಿರು! ಉಸಿರು ಹಿಡಿ ಅಂತಾಳ. ನೀ ಪೂರಿ ಆದಂಗ ಯಾಕ ಆಗೀಯೇ?”

ಉಸಿರು ಹಿಡಿದೆ. ಹೊಟ್ಟೆ ಅಲುಗಬಾರದು. ಆದರೆ ಎಡಗೈಯಲ್ಲಿ ಲಿಂಗ ಬಂದ ಕೂಡಲೇ ನನ್ನ ತುಟಿ ತಾನಾಗಿ ‘ಓಂ ನಮಃ ಶಿವಾಯ’ ಶುರುಮಾಡುತ್ತದೆ. ಇಷ್ಟು ವರ್ಷದ ಅಭ್ಯಾಸ, ಅದಕ್ಕೆ ನನ್ನ ಅಪ್ಪಣೆ ಬೇಕಿಲ್ಲ. ತುಟಿ ಅಲುಗಿದರೆ ಉಸಿರು ಅಲುಗುತ್ತದೆ, ಉಸಿರು ಅಲುಗಿದರೆ ಲಿವರ್ ಅಲುಗುತ್ತದೆ. ಟೀವಿಯಲ್ಲಿ ಬಂದ ಗೆರೆಗಳು ಒಂದು ಇತ್ತ, ಒಂದು ಅತ್ತ, ಸಂತೆಯಿಂದ ಮರಳುವ ಜನರಂತೆ. ಸೆಲ್ವಿ ತನ್ನ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ನಾನು ತುಟಿ ಬಿಗಿಹಿಡಿದೆ. ಜಪ ನಾಲಿಗೆಗೆ ಹೋಯಿತು.

ಮತ್ತೆ ಮತ್ತೆ ಅಳೆದರು. ಡಾಕ್ಟರಮ್ಮ ಒಮ್ಮೆಯೂ ಬೇಸರಿಸಲಿಲ್ಲ. ನಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ಇಷ್ಟು ಹೊತ್ತಿಗೆ ‘ಎದ್ದೇಳಮ್ಮ’ ಎಂದಾಗುತ್ತಿತ್ತು.

ಅನುವಾದ

ಮರುದಿನ ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿದರು. ಟೇಬಲ್ಲಿನ ಮೇಲೆ ಎರಡು ಬೆರಳನ್ನು ನಡೆಸಿ ತೋರಿಸಿದರು. ಕೈಯಲ್ಲಿ ತಟ್ಟೆಯ ಆಕಾರ ಮಾಡಿ ಅರ್ಧ ಮುಚ್ಚಿದರು. ನನ್ನ ಕಡೆ ಕೈ ತೋರಿಸಿ ಏನೋ ಗಂಭೀರವಾಗಿ ಹೇಳಿದರು. ಸೆಲ್ವಿಯೂ ಅಷ್ಟೇ ಉದ್ದ ತೆಲುಗಿನಲ್ಲಿ ಹೇಳಿದಳು. ಶಾಂತಾ ಎಲ್ಲ ಕೇಳಿಸಿಕೊಂಡು ನನ್ನ ಕಡೆ ತಿರುಗಿದಳು.

“ಆಗಂಗಿಲ್ಲಂತ್ರಿ. ನಡೀರಿ ಊರಿಗೆ.”

ಬಹುವಚನ.

“ಅಷ್ಟುದ್ದ ಹೇಳಿದ್ರಲ್ಲ?” ಎಂದೆ.

“ಅಷ್ಟರಿ.”

“ಟೇಬಲ್ ಮ್ಯಾಲೆ ಬೆರಳು ನಡಸಿದ್ರಲ್ಲ, ಅದೇನು?”

“ನಡಕೋತ ಊರಿಗೆ ಹೋಗ್ರಿ ಅಂದ್ರು.”

“ಶಾಂತಾ,” ಎಂದೆ, “ಅವರು ಅಷ್ಟು ಹೇಳಿದ್ದು ನಿನ್ನ ಬಾಯಿಗೆ ಬರೋದ್ರಾಗ ಇಷ್ಟಕ್ಕ ಸೊರಗಿತೇನು?”

ಅವಳು ಕಿಟಕಿ ನೋಡಿದಳು. ಕಿಟಕಿಯ ಹೊರಗೆ ಇನ್ನೊಂದು ಕಟ್ಟಡದ ಕಿಟಕಿ. ನೋಡುವಂಥದ್ದೇನೂ ಇರಲಿಲ್ಲ.

“ಸದ್ದು ಭಾಳ ಸೊರಗಾಕತ್ತೈತಂತ,” ಎಂದಳು ಕೊನೆಗೆ. “ಈಗಂತೂ ಬರಂಗಿಲ್ಲ. ಕೊಬ್ಬು ಇಳಿಸಿಕೊಂಡು ಬಂದ್ರ ಮತ್ತ ಅಳಿತಾರಂತ. ಆದ್ರ ಕೊಡೋರ ಜೀವಕ್ಕೂ ಅಪಾಯ ಇರ್ತೈತಂತ. ಅಪರೂಪ, ಆದ್ರೂ ಇರ್ತೈತಂತ. ನೀ ತಿಳಕೊಂಡು ಹೂಂ ಅನ್ನಬೇಕಂತ.” ದನಿ ಏರಿತು. “ನಿನ್ನ ಹೆಣಾ ಹೊತಗೊಂಡು ಹೋಗಿ ಅಣ್ಣನ ಮುಂದ ಹೆಂಗ ನಿಂದ್ರಲೇ ನಾನು?”

“ನೀ ಎಲ್ಲಿ ಹೊರ್ತೀಯವ್ವ? ನಿನ್ನ ತೋಳು ನೋಡಿಕೋ.”

ಸೆಲ್ವಿಗೆ ಕನ್ನಡ ಬಾರದು. ಆದರೂ ಮುಖ ಆಚೆ ತಿರುಗಿಸಿದಳು.

“ಕೊಬ್ಬು ಇಳಿಸಾಕ ಏನು ಮಾಡಬೇಕಂತ? ಪೂರ್ತಿ ಹೇಳು.”

“ಸಿಹಿ ಬ್ಯಾಡ. ಕರದಿದ್ದು ಬ್ಯಾಡ. ಅನ್ನ ಅರ್ಧ. ದಿನಾ ಮೈ ಬೆವರೋ ಹಂಗ ನಡೀಬೇಕು. ತುಪ್ಪ ಬ್ಯಾಡ.”

“ತುಪ್ಪ ಪೂರಾ ಬ್ಯಾಡ ಅಂದ್ರೇನು?”

“ಈ ಸಲ ಸೊರಗಿಸಿಲ್ಲ ನಾನು,” ಎಂದಳು ಶಾಂತಾ. “ಪೂರಾ ಬ್ಯಾಡ ಅಂದ್ರು.”

ನಾನು ಡಾಕ್ಟರಮ್ಮನ ಕಡೆ ನೋಡಿ ತಲೆಯಾಡಿಸಿದೆ. ಅದಕ್ಕೆ ಅನುವಾದ ಬೇಕಾಗಲಿಲ್ಲ.

ನಡಿಗೆ ಮತ್ತು ಪ್ರಸಾದ

ಕೆಲವು ವಾರ ನಾನು ಸಿಂಗಪುರದ ತುಂಬ ನಡೆದೆ. ಪಾದಚಾರಿಗಳಿಗೆಂದು ದಾರಿ ಇದೆ, ಅದರ ಮೇಲೆ ಪಾದಚಾರಿಗಳೇ ನಡೆಯುತ್ತಾರೆ. ರಸ್ತೆ ದಾಟುವಲ್ಲಿ ದೀಪದಲ್ಲಿ ಹಸಿರು ಮನುಷ್ಯ ಬರುವತನಕ, ಒಂದು ಗಾಡಿಯೂ ಇಲ್ಲದಿದ್ದರೂ, ಜನ ನಿಂತೇ ಇರುತ್ತಾರೆ. ನಾನೂ ನಿಂತೆ. ಮರಿಯಮ್ಮನಹಳ್ಳಿಯಲ್ಲಿ ಅದಿರು ಲಾರಿಗಳ ನಡುವೆ ರಸ್ತೆ ದಾಟಿದವಳಿಗೆ ಹೀಗೆ ನಿಂತರೆ ಕಾಲು ಜುಮ್ಮೆನ್ನುತ್ತದೆ.

ಊಟದ ಅಂಗಡಿಗಳಲ್ಲಿ ಒಂದು ಪದ್ಧತಿ ನೋಡಿದೆ. ಖಾಲಿ ಮೇಜಿನ ಮೇಲೆ ಕಾಗದದ ಕರವಸ್ತ್ರದ ಪೊಟ್ಟಣ ಇಟ್ಟು ಹೋದರೆ ಆ ಜಾಗ ನಿಮ್ಮದು. ನಮ್ಮಲ್ಲಿ ಸಂಡೂರು ಬಸ್ಸಿನ ಕಿಟಕಿಯಿಂದ ಟವೆಲ್ ಎಸೆಯುತ್ತೇವಲ್ಲ, ಅದೇ ಶಾಸ್ತ್ರ. ವ್ಯತ್ಯಾಸ ಇಷ್ಟೆ, ಇಲ್ಲಿ ಆ ಪೊಟ್ಟಣವನ್ನು ಯಾರೂ ಕೆಳಗೆ ಹಾಕಿ ಅದರ ಮೇಲೆ ಕೂರುವುದಿಲ್ಲ.

ನನ್ನ ಊಟಕ್ಕೆ ಶಾಂತಾ ಕಾವಲು. ಮಂಚದ ಮೇಲೆ ದಿಂಬಿಗೆ ಒರಗಿ, ನಾನು ತಟ್ಟೆಗೆ ಬಡಿಸಿಕೊಳ್ಳುವುದನ್ನೇ ನೋಡುತ್ತಿದ್ದಳು. “ಅದು ಅರ್ಧ ಅಲ್ಲ. ತಗಿ. ನನ್ನ ಲಿವರದು, ನಾ ಹೇಳಿದಂಗ ಬೆಳಸು.” ಅವಳ ಕಾಲಿನ ಬಾವು ದಿನದಿನಕ್ಕೆ ಮೇಲೇರುತ್ತಿತ್ತು. ಒತ್ತಿದ ಬೆರಳಿನ ಗುರುತು ಹಾಗೆಯೇ ನಿಲ್ಲುತ್ತಿತ್ತು. ಅದನ್ನು ಇಬ್ಬರೂ ನೋಡುತ್ತಿದ್ದೆವು. ನಾನು ಎದ್ದು ಇನ್ನೊಂದು ಸುತ್ತು ನಡೆದು ಬರುತ್ತಿದ್ದೆ.

ಕೋಣೆಯ ಹತ್ತಿರ ತಮಿಳರ ಒಂದು ಅಮ್ಮನ ಗುಡಿ. ಒಂದು ಶುಕ್ರವಾರ ಅವಳನ್ನೂ ಗಾಲಿಕುರ್ಚಿಯಲ್ಲಿ ಕರೆದೊಯ್ದೆ. ಪೂಜಾರಿ ಬಾಳೆಎಲೆಯ ತುಂಡಿನಲ್ಲಿ ಸಿಹಿ ಪೊಂಗಲ್ ಕೊಟ್ಟರು. ತುಪ್ಪ ಎಲೆಯಿಂದ ಇಳಿದು ಮೊಣಕೈತನಕ ಬಂತು. ತಿಂದರೆ ಶಾಂತಾಳಿಗೆ ದ್ರೋಹ, ಪ್ರಸಾದ ಬಿಟ್ಟರೆ ದೇವರಿಗೆ ದ್ರೋಹ.

“ಇಲ್ಲಿ ತಾ,” ಎಂದಳು ಶಾಂತಾ. “ನನಗ ಉಪ್ಪು ಬ್ಯಾಡಂದಾರ, ಸಿಹಿ ಬ್ಯಾಡಂದಿಲ್ಲ.”

ಎಲೆಯಿಂದ ಒಂದೇ ಒಂದು ಅಗುಳನ್ನು ತೆಗೆದು ನನ್ನ ಅಂಗೈಗೆ ಹಾಕಿದಳು. “ಇದು ನಿಂದು. ಪ್ರಸಾದ ತಗೊಂಡಂಗಾತು. ಉಳದಿದ್ದು ನಂದು.” ನಾಲ್ಕು ತುತ್ತು ಗಂಜಿ ಸೇರದವಳು ಕಣ್ಣು ಮುಚ್ಚಿಕೊಂಡು ಅಷ್ಟನ್ನೂ ನುಂಗಿದಳು. ನಡುವೆ ಒಮ್ಮೆ ಓಕರಿಕೆ ಬಂದು ತಡೆದುಕೊಂಡಳು. ನನ್ನ ಅಗುಳು ನನ್ನ ಬಾಯಿಯಲ್ಲಿ ಬಹಳ ಹೊತ್ತು ಇತ್ತು.

ಎರಡನೆಯ ಅಳತೆ

ಸೀರೆಯ ನೆರಿಗೆ ಹೆಚ್ಚಾದ ಮೇಲೆ ಮತ್ತೆ ಅಳೆಯಲು ಕರೆದರು. ಇದು ಕಡೆಯ ಸಲ ಎಂದು ಶಾಂತಾಳ ಡಾಕ್ಟರು ಆಗಲೇ ಹೇಳಿದ್ದರು. ಸದ್ದಿನ ಲೆಕ್ಕ ಇಳಿದಿದ್ದರೆ, ಲಿವರಿಗೆ ಸೂಜಿ ಚುಚ್ಚಿ ಒಂದು ಚೂರು ತೆಗೆದು ಖಾತ್ರಿ ಮಾಡಿಕೊಂಡು, ಮುಂದಿನ ಕೆಲಸ. ಇಳಿಯದಿದ್ದರೆ ಊರು. ಮತ್ತೆ ಕಾಯಲು ಶಾಂತಾಳಿಗೆ ದಿನಗಳಿರಲಿಲ್ಲ.

ಅದೇ ಮಂಚ, ಅದೇ ಲೋಳೆ, ಬಲಗೈ ಮೇಲೆ, ಎಡಗೈಯಲ್ಲಿ ಲಿಂಗ. “ಊಪಿರಿ,” ಎಂದಳು ಸೆಲ್ವಿ. ಈ ಸಲ ಉಬ್ಬಲಿಲ್ಲ. ಉಸಿರು ಹಿಡಿದೆ. ತುಟಿ ಶುರುವಾಯಿತು.

ಡಾಕ್ಟರಮ್ಮ ಕೈ ತೆಗೆದರು. ಮತ್ತೊಮ್ಮೆ. ಮತ್ತೆ ಗೆರೆಗಳು ಸಂತೆಗೆ ಹೊರಟವು. ಭಯ ಹೆಚ್ಚಿದಷ್ಟೂ ಜಪ ಹೆಚ್ಚು, ಜಪ ಹೆಚ್ಚಿದಷ್ಟೂ ಅಳತೆ ಕೆಡುತ್ತಿತ್ತು. ಲಿಂಗವನ್ನು ಕೆಳಗಿಡಲು ಆಗದು, ಲಿಂಗ ಕೈಯಲ್ಲಿದ್ದಾಗ ಸುಮ್ಮನಿರಲು ಬಾರದು. ಅವಳ ಜೀವಕ್ಕೆ ನನ್ನ ಭಕ್ತಿಯೇ ಅಡ್ಡ ಬರುತ್ತಿದೆಯಲ್ಲ ಎಂದು ಕಣ್ಣಲ್ಲಿ ನೀರು ಬಂತು. ನೀರು ಬಂದರೂ ಹೊಟ್ಟೆ ಅಲುಗುತ್ತದೆ.

ಗಾಲಿಕುರ್ಚಿ ಸರಿದ ಸದ್ದಾಯಿತು. ಶಾಂತಾ ನನ್ನ ತಲೆಯ ಹತ್ತಿರ ಬಂದಳು.

“ಅತ್ತಿಗೀ, ನೀ ಸುಮ್ನ ಮಲಗು. ಇವತ್ತು ನಾ ಅಂತೀನಿ.”

“ಏನು ಅಂತೀ?”

“ನೀ ಅನ್ನೋದನ್ನ. ನಿನ್ನ ಪಾಳಿ ನನಗ ಕೊಡು. ಆತಿಲ್ಲೋ? ಈಗ ಉಸಿರು ಹಿಡಿ.”

ಅಂದೇಬಿಟ್ಟಳು. ಜೋರಾಗಿ, ಶಾಲೆಯ ಹುಡುಗಿ ಮಗ್ಗಿ ಒಪ್ಪಿಸುವಂತೆ, ನಡುನಡುವೆ ಉಸಿರು ಸಾಲದೆ ನಿಂತು: “ಓಂ ನಮಾ ಸಿವಾಯ. ಓಂ ನಮಾ ಸಿವಾಯ.” ಉಚ್ಚಾರ ಸರಿಯಿರಲಿಲ್ಲ. ತಿದ್ದಬೇಕೆನಿಸಲಿಲ್ಲ. ನನ್ನ ಕೆಲಸವನ್ನು ಇನ್ನೊಬ್ಬರು ವಹಿಸಿಕೊಂಡರು ಎಂದು ನಾಲಿಗೆಗೆ ತಿಳಿದುಬಿಟ್ಟಿತು. ತುಟಿ ನಿಂತಿತು. ಹೊಟ್ಟೆ ನಿಂತಿತು. ಎಷ್ಟೋ ವರ್ಷಗಳಲ್ಲಿ ಮೊದಲ ಸಲ, ಲಿಂಗ ಕೈಯಲ್ಲಿ ಹಿಡಿದು ನಾನು ಏನನ್ನೂ ಕೇಳದೆ ಮಲಗಿದ್ದೆ.

ಗೆರೆಗಳು ಒಂದರ ಮೇಲೊಂದು ಬಂದು ಕೂತವು.

ಡಾಕ್ಟರಮ್ಮ ಲೆಕ್ಕ ಮಾಡಿ, ನಕಲಿ ಲಿವರಿನ ಲೆಕ್ಕದ ಜೊತೆ ಇಟ್ಟು ನೋಡಿ, ಎರಡೇ ಎರಡು ಮಾತು ಹೇಳಿದರು. ಸೆಲ್ವಿಯೂ ಎರಡೇ ಮಾತು ಹೇಳಿದಳು. ಶಾಂತಾಳಿಗೆ ಅದನ್ನು ಕನ್ನಡಕ್ಕೆ ತರಲು ಬಹಳ ಹೊತ್ತು ಹಿಡಿಯಿತು. ನಡುವೆ ಮೂಗು ಒರೆಸಿಕೊಳ್ಳಬೇಕಿತ್ತು.

ಫೋನಿನ ಪ್ರಶ್ನೆ

ಸೂಜಿಯೂ ಅದನ್ನೇ ಹೇಳಿತು: ಕೊಬ್ಬು ಇಳಿದಿದೆ, ಕೊಡಬಹುದು. ಆದರೆ ಕತ್ತರಿಸುವ ಮೊದಲು ನನ್ನನ್ನು ಒಬ್ಬಳನ್ನೇ ಕೂರಿಸಿ ಕೇಳಬೇಕೆಂಬುದು ಅಲ್ಲಿನ ಕಾನೂನು, ಶಾಂತಾ ಅನುವಾದ ಮಾಡುವಂತಿಲ್ಲ. ಎಲ್ಲಿಂದಲೋ ಫೋನಿನಲ್ಲಿ ಒಬ್ಬ ಕನ್ನಡದ ಹೆಂಗಸನ್ನು ಹಿಡಿದು ತಂದರು. ಪುಸ್ತಕದ ಕನ್ನಡ. “ತಾವು ಸ್ವಇಚ್ಛೆಯಿಂದ ನೀಡುತ್ತಿದ್ದೀರಾ? ತಮ್ಮ ಮೇಲೆ ಮನೆಯವರು ಯಾರಾದರೂ ಒತ್ತಡ ಹೇರಿದ್ದಾರೆಯೇ?”

“ತಾಯಿ, ಮದುವಿ ಆದಾಗಿಂದ ಈ ಪ್ರಶ್ನಿ ನನಗ ಯಾರೂ ಕೇಳಿದ್ದಿಲ್ಲ,” ಎಂದೆ. “ನೀವ ಮೊದಲು. ಒತ್ತಡ ಇಲ್ಲ. ಬ್ಯಾಡ ಅಂದಾಕಿ ಆಕೀನ. ಆಕಿ ಮಾತು ಮೀರಿ ಕೊಡಾಕತ್ತೀನಿ.”

ಫೋನಿನ ಹೆಂಗಸು ಅದನ್ನು ಆಸ್ಪತ್ರೆಯವರಿಗೆ ಒಪ್ಪಿಸಿದರು. ಇದು ಇಂಗ್ಲಿಷಿನಲ್ಲಿ ಎಷ್ಟು ತಲುಪಿತೋ ಗೊತ್ತಿಲ್ಲ.

ನಮ್ಮ ಮನೆಯವರು ಬಂದರು. ಈ ಸಲ ಫ್ಯಾನಿನ ಜೊತೆಗೆ ತಂಗಿಯನ್ನೂ ನೋಡಿದರು. ಆಪರೇಷನ್ ಬಗ್ಗೆ ನಾನು ಹೇಳಲಾರೆ, ಮಲಗಿದ್ದೆ. ಎಚ್ಚರವಾದಾಗ ಎಡಗೈ ಮುಷ್ಟಿ ಹಿಡಿದಿತ್ತು. ಬಿಡಿಸಿ ನೋಡಿದೆ, ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಅಂಗೈಗೆ ಅಂಟಿಸಿ ಕಳಿಸಿದ್ದರು. ಸೆಲ್ವಿಯ ಕೆಲಸ. ನಾನು ಕೇಳಿರಲಿಲ್ಲ.

ಕಂಪ್ಲಿ

ಊರಿಗೆ ಬಂದು ಬಹಳ ದಿನಗಳಾದವು. ಕರವಸ್ತ್ರ ಮತ್ತೆ ಕೆಂಪಾಗಿದೆ. ನನ್ನ ಲಿವರ್ ಬೆಳೆದಿದೆ ಎಂದು ಡಾಕ್ಟರು ಹೇಳುತ್ತಾರೆ, ಅವಳಲ್ಲಿರುವುದೂ ಬೆಳೆದಿದೆಯಂತೆ. ಹೊಟ್ಟೆಯ ಮೇಲೆ ಇಬ್ಬರಿಗೂ ಒಂದೇ ಥರದ ದೊಡ್ಡ ಹೊಲಿಗೆ. ನೋಡಲು ಬಂದವರಿಗೆ ಶಾಂತಾ, “ಇಬ್ಬರೂ ಒಂದ ಟೇಲರ್ ಹತ್ರ ಹೊಲಿಸೀವಿ” ಎನ್ನುತ್ತಾಳೆ.

ಹೋದ ವಾರ ಕಂಪ್ಲಿಗೆ ಹೋಗಿ ಅವಳ ಮನೆಯಲ್ಲಿ ಉಳಿದೆ. ಬೆಳಿಗ್ಗೆ ಎದ್ದು ಸ್ನಾನ ಮಾಡಿ ಪೂಜೆಗೆ ಕೂರಲೆಂದು ದೇವರಮನೆಗೆ ಹೋದರೆ ಒಳಗೆ ಜಾಗವಿರಲಿಲ್ಲ. ಶಾಂತಾ ಕೂತಿದ್ದಳು. ಕಪಾಟಿನ ಲಿಂಗ ಎಡಗೈಯಲ್ಲಿತ್ತು. ತುಟಿ ಅಲುಗುತ್ತಿತ್ತು. ‘ನಮಾ ಸಿವಾಯ’, ಉಚ್ಚಾರ ಹಾಗೆಯೇ ಇದೆ.

ಬಾಗಿಲಲ್ಲಿ ಸುಮ್ಮನೆ ನಿಂತೆ. ಆದರೂ ಅವಳಿಗೆ ತಿಳಿಯಿತು. ಕಣ್ಣು ತೆರೆಯದೆ ಹೇಳಿದಳು:

“ಹಂಗ ನೋಡಬ್ಯಾಡ ಅತ್ತಿಗೀ. ನಾ ಎಲ್ಲಿ ಮಾಡ್ತೀನಿ? ಒಳಗ ನಿನ್ನ ಲಿವರ್ ಐತಲ್ಲ, ಮುಂಜಾನಿ ಆತಂದ್ರ ಅದು ಸುಮ್ನಿರಂಗಿಲ್ಲ.”

ನಾನು ಪಕ್ಕದಲ್ಲಿ ಕೂತೆ. ಅವಳು ಸ್ವಲ್ಪ ಸರಿದು ಜಾಗ ಕೊಟ್ಟಳು.